ಬರೆಯದ ಚೀಟಿ

ಯೋಜನೆಗೆ ಹಣ ಕೊಡುವ ನಿಧಿಯವರು ಬರುವುದಕ್ಕೆ ಮೂರೇ ದಿನ ಉಳಿದಿತ್ತು. ಗಡಿಯಾರದಜ್ಜನಿಗೆ ಮೊದಲನೆಯ ಉತ್ತರವೇ ಇನ್ನೂ ಬಾಯಿಗೆ ಬಂದಿರಲಿಲ್ಲ.

"ಈ ಯೋಜನೆ ಬೇಕು ಅಂತ ತೀರ್ಮಾನ ಮಾಡಿದವರು ಯಾರು, ಅಜ್ಜ?" ಎಂದು ನಾನು ಕೇಳಿದೆ.

"ಯಾರು ಅಂದ್ರೆ? ಸಭೆ ಪುಸ್ತಕದಲ್ಲಿ ಬರೆದವಳು ನೀನೇ ಅಲ್ವಾ?"

"ಹಾಗನ್ನಬಾರದು. 'ನಾವೇ ಕೂತು, ಮಾತಾಡಿ, ತೀರ್ಮಾನ ಮಾಡಿದ್ವಿ' ಅನ್ಬೇಕು."

"ನಾನಂತೂ ಕೂತೇ ಇದ್ದೆ. ಏಳ್ಬೇಕಾದ್ರೆ ಯಾರಾದ್ರೂ ಕೈ ಕೊಡ್ಬೇಕಲ್ಲ."

ಹೊಲಿಗೆ ಯಂತ್ರದ ಹಿಂದಿನಿಂದ ಟೈಲರಕ್ಕ ನಕ್ಕರು. ನಮ್ಮ ಸಂಘದ ಅಧ್ಯಕ್ಷೆ ಅವರೇ; ಸಂಘದ ಕಚೇರಿ ಎಂದರೆ ಅವರ ಅಂಗಡಿಯ ಈ ಒಂದು ಕೋಣೆ. "ಊರಿನ ಗಡಿಯಾರನೆಲ್ಲ ರಿಪೇರಿ ಮಾಡ್ತೀರಿ ಅಜ್ಜ, ನಿಮ್ಮ ಮುಳ್ಳು ಮಾತ್ರ ನಿಂತಲ್ಲೇ ನಿಂತಿದೆ" ಎಂದರು. ಉತ್ತರ ಒಪ್ಪಿಸುವ ಸರದಿಗಾಗಿ ಬೆಂಚಿನ ಮೇಲೆ ಕೂತಿದ್ದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಅಜ್ಜನ ಚೀಟಿಯೇ ಎದ್ದರೆ ಏನು ಗತಿ ಎಂದು ಅದೇ ಪ್ರಶ್ನೆಯನ್ನು ಮತ್ತೆ ಕೇಳಿದೆ.

ಈ ನಿಧಿಯ ಕ್ರಮವೇ ಬೇರೆ. ನಿಮಗೆ ರಸ್ತೆ ಕೊಡುತ್ತೇವೆ, ಕಟ್ಟಡ ಕೊಡುತ್ತೇವೆ ಎಂದು ಅವರಾಗಿ ಬರುವುದಿಲ್ಲ. ಊರಿನವರೇ ಸಭೆ ಸೇರಿ ಬೇಕಾದ್ದನ್ನು ಆರಿಸಬೇಕು, ಮನೆಗೊಬ್ಬರಂತೆ ಮೈಮುರಿದು ದುಡಿಯಬೇಕು, ಆಮೇಲೆ ತಾವೇ ನಡೆಸಿಕೊಂಡು ಹೋಗಬೇಕು. ಮಂಜೂರು ಮಾಡುವ ಮುಂಚೆ ನಿಧಿಯಿಂದ ಒಬ್ಬರು ನೋಡಲು ಬರುತ್ತಾರೆ. ಅಧ್ಯಕ್ಷರನ್ನು ಅವರು ಏನೂ ಕೇಳುವುದಿಲ್ಲ. ಹದಿನೆಂಟು ದಾಟಿದವರ ಹೆಸರನ್ನೆಲ್ಲ ಚೀಟಿಗಳಲ್ಲಿ ಬರೆಸಿ, ಮಡಕೆಗೆ ಹಾಕಿಸಿ, ಮೂರನ್ನು ಎತ್ತುತ್ತಾರೆ. ಆ ಮೂವರು ಎದ್ದು ನಿಂತು ಯೋಜನೆ ಏನು, ಯಾಕೆ, ಯಾರು ಆರಿಸಿದ್ದು ಎಂದು ಹೇಳಬೇಕು. ತಡವರಿಸಿದರೆ, ಇದು ಊರಿನ ಯೋಜನೆಯಲ್ಲ, ನಾಲ್ಕು ಜನರದ್ದು ಎಂದು ಬರೆದುಕೊಂಡು ಎದ್ದು ಹೋಗುತ್ತಾರೆ. ಆಚೆ ಗುಡ್ಡದವರ ಗೋದಾಮು ಹೀಗೆಯೇ ಕೈತಪ್ಪಿತ್ತು. ಚೀಟಿ ಬಂದ ಪುಣ್ಯಾತ್ಮ ಎದ್ದು, "ನಮಗೆ ಸೇತುವೆ ಕೊಡ್ತಾರಂತೆ" ಎಂದಿದ್ದನಂತೆ.

ನಾವು ಆರಿಸಿದ್ದು ತಂತಿ ತೊಟ್ಟಿಲು. ಊರು ಗುಡ್ಡದ ಮೇಲೆ, ರಸ್ತೆ ಕೆಳಗೆ. ನಡುವೆ ನಾನೂರ ಹನ್ನೆರಡು ಮೆಟ್ಟಿಲು. ಮೇಲೊಂದು ರಾಟೆ, ಕೆಳಗೊಂದು ರಾಟೆ, ಅವುಗಳ ನಡುವೆ ಉಕ್ಕಿನ ತಂತಿ, ತಂತಿಗೆ ಎರಡು ಕಬ್ಬಿಣದ ತೊಟ್ಟಿಲು. ಹಾಲಿನ ಕ್ಯಾನು ತುಂಬಿದ್ದು ತನ್ನ ಭಾರಕ್ಕೆ ಕೆಳಗಿಳಿಯುವಾಗ ಇನ್ನೊಂದು ಸಾಮಾನು ಹೊತ್ತು ಮೇಲೆ ಬರುತ್ತದೆ. ಕರೆಂಟು ಬೇಡ, ಎಣ್ಣೆ ಬೇಡ, ಮೇಲುಗಡೆ ಬ್ರೇಕು ಹಿಡಿಯಲು ಒಬ್ಬರು ಸಾಕು.

ನಮ್ಮ ಮನೆಗೆ ಅದು ಬೇಕೇ ಬೇಕಿತ್ತು. ದಿನಾ ಬೆಳಿಗ್ಗೆ ಏಳಕ್ಕೆ ಹಾಲಿನ ವ್ಯಾನು ಕೆಳಗೆ ಬಂದು ಹೋಗುತ್ತದೆ. ನಮ್ಮದು ಎರಡು ಕ್ಯಾನು, ಒಂದು ಅಮ್ಮನ ತಲೆಯ ಮೇಲೆ, ಒಂದು ನನ್ನ ತಲೆಯ ಮೇಲೆ. ಅಪ್ಪ ತೀರಿಕೊಂಡ ವರ್ಷ ನಾನು ಏಳನೆಯ ತರಗತಿಯನ್ನು ಅರ್ಧಕ್ಕೆ ಬಿಟ್ಟದ್ದು ಆ ಎರಡನೆಯ ಕ್ಯಾನಿಗಾಗಿಯೇ. ಈಗ ಅಮ್ಮನ ಮಂಡಿ ಸವೆದಿದೆ. ಇನ್ನು ಇಳಿಜಾರು ಹತ್ತಿ ಇಳಿದರೆ ಪೂರ್ತಿ ಕೂರಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ತಂಗಿ ಎಂಟನೆಯ ತರಗತಿಗೆ ಪಾಸಾಗಿದ್ದಳು. ಶಾಲೆ ಇರುವುದು ಗುಡ್ಡದ ಇನ್ನೊಂದು ಮಗ್ಗುಲಲ್ಲಿ. ಈಚೆ ಇಳಿದು ಹಾಲು ಕೊಟ್ಟು ಬರುವವರಿಗೆ ಆಚೆ ಇಳಿದು ಗಂಟೆ ಹೊಡೆಯುವಷ್ಟರಲ್ಲಿ ಕೂರುವುದು ಆಗದ ಮಾತು.

"ತೊಟ್ಟಿಲು ಬರೋದು ಖಾತ್ರಿ ಆದ್ರೆ ಹೇಗೋ ನಾಲ್ಕು ತಿಂಗಳು ತಳ್ಳೋಣ. ನೀನೇ ಎರಡು ಸಲ ಇಳಿದು ಹತ್ತು. ಬರಲ್ಲ ಅಂದ್ರೆ ಅವಳನ್ನೂ ಬಿಡಿಸದೆ ದಾರಿಯಿಲ್ಲ" ಎಂದು ಅಮ್ಮ ಹೇಳಿಬಿಟ್ಟಿದ್ದಳು. ಶಾಲೆ ತೆರೆಯಲು ಎರಡು ವಾರ ಇತ್ತು.

ನನ್ನನ್ನು ಕಾಡುತ್ತಿದ್ದದ್ದು ಅಜ್ಜನ ಉತ್ತರ ಮಾತ್ರವಲ್ಲ. ತೊಟ್ಟಿಲನ್ನು ಆರಿಸಿದ ಸಭೆಯಲ್ಲಿ ನಡೆದದ್ದನ್ನು ನಾನು ಪುಸ್ತಕದಲ್ಲಿ ಬರೆದಿರಲಿಲ್ಲ.

ನಮ್ಮೂರಿನ ಸಭೆಯಲ್ಲಿ ಯಾರೂ 'ಬೇಡ' ಎನ್ನುವುದಿಲ್ಲ. ದಿನ ಬೆಳಗಾದರೆ ಅದೇ ಮುಖಗಳನ್ನು ನೋಡಬೇಕು, ಬೇಡ ಎಂದು ಯಾಕೆ ನಿಷ್ಠುರವಾಗಬೇಕು? ಒಪ್ಪಿಗೆಯಿಲ್ಲದವರು ಮೆಲ್ಲಗೆ ಎದ್ದು ಜಗಲಿಯ ಹೂಜಿಯಿಂದ ನೀರು ಕುಡಿಯಲು ಹೋಗುತ್ತಾರೆ. ಕೈ ಎತ್ತುವುದೆಲ್ಲ ಮುಗಿದ ಮೇಲೆ ಬಾಯಿ ಒರೆಸಿಕೊಂಡು ಒಳಗೆ ಬರುತ್ತಾರೆ. ನೋಡಿದವರಿಗೆ ಗೊತ್ತಾಗುತ್ತದೆ, ಆದರೆ ಯಾರೂ ಆಡುವುದಿಲ್ಲ. ಅವತ್ತು ಟೈಲರಕ್ಕ "ತೊಟ್ಟಿಲಿಗೆ ಎಲ್ಲರೂ ಒಪ್ಪಿಗೇನಾ?" ಎಂದು ಕೇಳಿದಾಗ ಎದ್ದು ಹೋದವರಲ್ಲಿ ಮೊದಲಿಗರು ನನ್ನ ಚಿಕ್ಕಪ್ಪ. ನಾನು ಮೂಲೆಯಲ್ಲಿ ಕೂತು ಬರೆಯುತ್ತಿದ್ದೆ. ಮೂಲೆಯಿಂದ ಎಲ್ಲ ಕಾಣುತ್ತದೆ. 'ಸರ್ವಾನುಮತದಿಂದ' ಎಂದು ಬರೆದೆ. ಹಾಗೆ ಬರೆಯಲು ಟೈಲರಕ್ಕ ಹೇಳಿದ್ದರು ಎನ್ನುವುದು ನಿಜ. ಹೇಳದಿದ್ದರೂ ನಾನು ಅದನ್ನೇ ಬರೆಯುತ್ತಿದ್ದೆ.

ಚಿಕ್ಕಪ್ಪ ಹೊರೆ ಹೊರುವವರು. ಊರಿನಲ್ಲಿ ಅಂಥವರು ಆರು ಜನ. ಸಿಮೆಂಟು, ಗ್ಯಾಸಿನ ಸಿಲಿಂಡರು, ಅಂಗಡಿಯ ಸಾಮಾನು, ಒಮ್ಮೊಮ್ಮೆ ನಡೆಯಲಾಗದ ರೋಗಿ, ಈ ಊರಿಗೆ ಬರುವುದೆಲ್ಲ ಅವರ ಬೆನ್ನೇರಿ ಬರುತ್ತದೆ. ಅಪ್ಪ ಹೋದ ಮೇಲೆ ನಮ್ಮ ಮನೆಯ ಒಲೆ ಉರಿದದ್ದು ಚಿಕ್ಕಪ್ಪನ ಹೆಗಲಿನಿಂದ. ಮದುವೆ ಮಾಡಿಕೊಳ್ಳಲಿಲ್ಲ. "ಒಂದು ಹೊರೆ ಸಾಕು" ಎಂದು ನಗುತ್ತಿದ್ದರು. ತೊಟ್ಟಿಲು ಬಂದರೆ ಆ ಆರು ಜನರಿಗೆ ಹೊರಲು ಏನಿರುತ್ತದೆ?

ಜನ ಪಾಠ ಒಪ್ಪಿಸಿ ಹೋದ ಮೇಲೆ ಟೈಲರಕ್ಕ ಬಾಗಿಲನ್ನು ಅರ್ಧ ಮುಚ್ಚಿದರು.

"ನಾಳೆ ಚೀಟಿ ಬರೀತೀಯಲ್ಲ, ನಿನ್ನ ಚಿಕ್ಕಪ್ಪಂದು ಬರೀಬೇಡ."

ನಾನು ಕತ್ತರಿಯನ್ನು ನೋಡುತ್ತ ಕೂತೆ.

"ತೊಂಬತ್ತಾರರಲ್ಲಿ ಒಂದು, ಬರೋದು ಅನುಮಾನವೇ. ಆದ್ರೂ ಹಾಲು ಒಡೆಯೋಕೆ ಒಂದು ತೊಟ್ಟು ಹುಳಿ ಸಾಕು ಕಣೇ."

"ಅವರು ಏನೂ ಹೇಳಲ್ಲ ಅಕ್ಕ. ಸುಮ್ಮನೆ ನಿಂತಿರ್ತಾರೆ."

"ಸುಮ್ಮನೆ ನಿಂತ್ರೂ ಫೇಲೇ. ಇದ್ರಲ್ಲಿ ನನಗೇನು ಲಾಭ ಹೇಳು? ನನ್ನ ಮನೇಲಿ ಹಸು ಇದೆಯಾ? ನಿನ್ನ ತಂಗಿ ಮುಖ ನೆನಪಿಟ್ಕೊಂಡು ಬರಿ." ಅವರು ಮತ್ತೆ ಯಂತ್ರ ತುಳಿಯತೊಡಗಿದರು.

ಮಾರನೆಯ ಬೆಳಿಗ್ಗೆ ಕೊಟ್ಟಿಗೆಯಲ್ಲಿ ಹಾಲು ಸೋಸುತ್ತಿದ್ದೆ. ಚಿಕ್ಕಪ್ಪ ಹೊಸ್ತಿಲಲ್ಲಿ ಕೂತು ತಲೆಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದರು.

"ಏನಮ್ಮ ಮೌನಗೌರಿ, ಊರಿಗೆಲ್ಲ ಟ್ಯೂಷನ್ ಕೊಡ್ತಿದ್ದೀಯಂತೆ. ಮನೆಯವರಿಗೆ ಪಾಠ ಇಲ್ವಾ?"

ಸೋಸುವ ಬಟ್ಟೆಯನ್ನು ಹಿಂಡಿದೆ. "ನಿಮ್ಮ ಚೀಟಿ ಬರೋದು ಅನುಮಾನ, ಚಿಕ್ಕಪ್ಪ."

"ಅದೃಷ್ಟ ಅನ್ನೋದು ಹೇಳಿ ಕೇಳಿ ಬರುತ್ತಾ? ಕೇಳು, ನೋಡೋಣ."

ಬೇರೆ ದಾರಿಯಿರಲಿಲ್ಲ. "ತೀರ್ಮಾನ ಮಾಡಿದವರು ಯಾರು?" ಎಂದೆ.

"ನಾವೇ ಕೂತು, ಮಾತಾಡಿ, ತೀರ್ಮಾನ ಮಾಡಿದ್ವಿ" ಎಂದರು, ಒಂದಕ್ಷರ ತಪ್ಪದೆ. ಎರಡನೆಯದನ್ನೂ ಹೇಳಿದರು, ಮೂರನೆಯದನ್ನೂ. ಅಷ್ಟು ಚೆನ್ನಾಗಿ ಊರಿನಲ್ಲಿ ಯಾರೂ ಒಪ್ಪಿಸಿರಲಿಲ್ಲ. ನಾನು ಅವರ ಮುಖ ನೋಡಿದೆ. ಅದು ಹಂಗಿಸುವ ಮುಖವೋ ನಿಜವಾಗಿ ಕಲಿತ ಮುಖವೋ ತಿಳಿಯಲಿಲ್ಲ. ಎದ್ದು, ಹಗ್ಗ ಹೆಗಲಿಗೆ ಹಾಕಿಕೊಂಡು, ಮೆಟ್ಟಿಲಿಳಿದು ಹೋದರು.

ಮಧ್ಯಾಹ್ನ ಟೈಲರಕ್ಕನ ಕತ್ತರಿಸುವ ಮೇಜಿನ ಮೇಲೆ ಚೀಟಿ ಬರೆಯಲು ಕೂತೆ. ನಮ್ಮ ಮನೆಯ ಸಾಲಿಗೆ ಬಂದಾಗ ಅಮ್ಮನದು ಬರೆದೆ, ನನ್ನದು ಬರೆದೆ. ಒಂದು ಖಾಲಿ ಚೀಟಿ ಎದುರಿಗಿತ್ತು. ಅವರು ಎದ್ದು ನಿಂತು ಬೆಳಿಗ್ಗೆ ಹೇಳಿದಂತೆಯೇ ಹೇಳಿದರೆ? ಹೇಳದಿದ್ದರೆ? ಎರಡು ಸಲ ಪೆನ್ನು ಊರಿದೆ, ಎರಡು ಸಲ ಎತ್ತಿದೆ. ಕೊನೆಗೆ ಆ ಚೀಟಿಯಲ್ಲಿ ಮುಂದಿನ ಮನೆಯವರ ಹೆಸರು ಬರೆದೆ. ತೊಂಬತ್ತೈದು ಆಯಿತು. ಟೈಲರಕ್ಕ ಎಣಿಸಲೂ ಇಲ್ಲ, ಕೇಳಲೂ ಇಲ್ಲ. ನನಗೊಂದು ಲೋಟ ಟೀ ತಂದಿಟ್ಟರು. ನಾನು ಚೀಟಿಗಳನ್ನು ಮಡಕೆಗೆ ಸುರಿದೆ.

ನಿಧಿಯ ಮೇಡಂ ಒಬ್ಬರೇ ಬಂದರು. ಐವತ್ತರ ಹತ್ತಿರದವರು. ಮೆಟ್ಟಿಲು ಹತ್ತಿ ಬಂದವರೇ ಸಭೆ ಸೇರಿದ್ದ ಉಗ್ರಾಣದ ಗೋಡೆಗೆ ಒರಗಿ, ಎರಡು ನಿಮಿಷ ಮಾತಾಡದೆ ಏದುಸಿರು ಬಿಟ್ಟರು. "ತೊಟ್ಟಿಲು ಯಾಕೆ ಬೇಕು ಅಂತ ನನ್ನ ಕಾಲಿಗೆ ಆಗಲೇ ಗೊತ್ತಾಯ್ತು" ಎಂದರು. ಎಲ್ಲರೂ ನಕ್ಕರು. ಟೈಲರಕ್ಕ ನನ್ನ ಕಡೆ ನೋಡಿ ಹುಬ್ಬು ಕುಣಿಸಿದರು. ಒಂದು ಕ್ಷಣ ನನಗೂ ಎಲ್ಲ ಸುಸೂತ್ರವಾಗುತ್ತದೆ ಅನ್ನಿಸಿತು.

ಟೈಲರಕ್ಕ ಚೀಟಿಗಳಿದ್ದ ಮಡಕೆಯನ್ನು ಮುಂದಿಟ್ಟರು. ಮೇಡಂ ಅದರೊಳಗೆ ಕೈ ಹಾಕಲಿಲ್ಲ. ಮಡಕೆಯನ್ನು ಬಗ್ಗಿಸಿ ಚೀಟಿಗಳನ್ನೆಲ್ಲ ಮೇಜಿನ ಮೇಲೆ ಹರಡಿದರು.

"ತಪ್ಪು ತಿಳೀಬೇಡಿ. ಒಂದು ಊರಲ್ಲಿ ಮೂರೇ ಜನರ ಹೆಸರನ್ನ ಐವತ್ತು ಸಲ ಬರೆದು ಹಾಕಿದ್ರು. ಅದಕ್ಕೇ ಈಗ ಒಬ್ಬೊಬ್ಬರಾಗಿ ಬಂದು ನಿಮ್ಮ ಚೀಟಿ ನೀವೇ ಹುಡುಕಿ ಮಡಕೆಗೆ ಹಾಕಿ. ಓದೋಕೆ ಬರದವರಿಗೆ ಪಕ್ಕದವರು ಹೇಳಿ."

ನಾನು ಪುಸ್ತಕ ಎತ್ತಿಕೊಂಡು ಮೂಲೆಗೆ ಸರಿದೆ. ಟೈಲರಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತತೊಡಗಿದರು.

ಜನ ಸಾಲಾಗಿ ಬಂದರು. ತಮ್ಮ ಹೆಸರನ್ನು ಕಾಗದದಲ್ಲಿ ಕಂಡು ಕೆಲವರಿಗೆ ನಾಚಿಕೆ, ಕೆಲವರಿಗೆ ಹಿಗ್ಗು. ಗಡಿಯಾರದಜ್ಜ ತನ್ನ ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದು "ಅಕ್ಷರ ಮುತ್ತಿನ ಹಾಗಿದೆ" ಎಂದ. ಮೇಜಿನ ಮೇಲಿನ ಕಾಗದ ಕಡಿಮೆಯಾಗುತ್ತ ಬಂತು. ಚಿಕ್ಕಪ್ಪ ಸಾಲಿನ ಕೊನೆಯ ಹತ್ತಿರ ಇದ್ದರು. ಅವರು ಮೇಜಿನ ಬಳಿ ಬಂದಾಗ ಉಳಿದದ್ದು ಏಳೋ ಎಂಟೋ. ಅವರಿಗೆ ಓದಲು ಬರುತ್ತದೆ, ನಿಧಾನ. ಒಂದೊಂದರ ಮೇಲೂ ಬೆರಳಿಟ್ಟು ತುಟಿಯಾಡಿಸಿದರು. ಮತ್ತೆ ಮೊದಲಿನಿಂದ ನೋಡಿದರು.

"ನನ್ನದು ಕಾಣಿಸ್ತಿಲ್ವಲ್ಲ" ಎಂದರು.

"ಎಲ್ಲೋ ಕೆಳಗೆ ಬಿದ್ದಿರ್ಬೇಕು" ಎಂದರು ಟೈಲರಕ್ಕ, ಸ್ವಲ್ಪ ಜೋರಾಗಿಯೇ.

ಅಷ್ಟು ಸಾಕಾಯಿತು. ಊರಿಗೆ ಊರೇ ಬಗ್ಗಿ ಚೀಟಿ ಹುಡುಕಲು ಶುರುಮಾಡಿತು. ಬೆಂಚುಗಳನ್ನು ಎತ್ತಿದರು, ಚೀಲಗಳನ್ನು ಸರಿಸಿದರು. "ಕಾಲೆತ್ತಿ ಅಜ್ಜ", "ನಿನ್ನ ಸೀರೆಗೆ ಅಂಟಿಕೊಂಡಿದೆಯಾ ನೋಡು", "ಗಾಳಿಗೆ ಜಗಲಿಗೆ ಹಾರಿರ್ಬೇಕು ಕಣ್ರೋ". ಯಾರೋ ಹೋಗಿ ಹೂಜಿಯ ಕೆಳಗೂ ನೋಡಿ ಬಂದರು. ನಾನು ಮೂಲೆಯಲ್ಲಿ ಪುಸ್ತಕವನ್ನು ಎದೆಗೆ ಒತ್ತಿ ಹಿಡಿದು ನಿಂತಿದ್ದೆ. ಸುಮ್ಮನಿದ್ದರೆ ಇನ್ನೊಂದು ನಿಮಿಷದಲ್ಲಿ ಯಾರಾದರೂ 'ಹೊಸದು ಬರೆದುಬಿಡು' ಎನ್ನುತ್ತಾರೆ, ಅಲ್ಲಿಗೆ ಮುಗಿಯುತ್ತದೆ ಎಂದು ಲೆಕ್ಕ ಹಾಕುತ್ತಿದ್ದೆ.

ಆಗ ಅಮ್ಮ ಕಂಡಳು. ಗೋಡೆ ಹಿಡಿದು, ಹಲ್ಲು ಕಚ್ಚಿ, ಆ ಕೆಟ್ಟ ಮಂಡಿಯನ್ನೇ ನೆಲಕ್ಕೆ ಊರಿ, ಕಪಾಟಿನ ಅಡಿಗೆ ಕೈ ತೂರಿಸುತ್ತಿದ್ದಳು.

"ಹುಡುಕಬೇಡಿ" ಎಂದೆ.

ಯಾರಿಗೂ ಕೇಳಿಸಲಿಲ್ಲ. ನನ್ನ ದನಿ ಯಾವಾಗಲೂ ಅಷ್ಟೇ.

"ಹುಡುಕಬೇಡಿ! ನಾನು ಬರೆದೇ ಇಲ್ಲ."

ಬಗ್ಗಿದ್ದವರು ಬಗ್ಗಿದಂತೆಯೇ ತಿರುಗಿ ನೋಡಿದರು.

"ಹುಡುಗಿ, ಪಾಪ, ಮರೆತಿರ್ತಾಳೆ. ಅಷ್ಟೊಂದು ಬರೆಯೋದು ಅಂದ್ರೆ ಹುಡುಗಾಟವಾ?" ಎಂದರು ಟೈಲರಕ್ಕ.

"ಮರೆತಿರ್ತಾಳೆ ಬಿಡಿ ಮೇಡಂ" ಎಂದರು ಚಿಕ್ಕಪ್ಪ. "ಮನೆಯವರದ್ದೇ ಮರೆಯೋದು. ಒಂದು ಬರ್ಕೊಡಮ್ಮ, ಹಾಕ್ತೀನಿ." ಅವರು ನನ್ನ ಕಡೆ ನೋಡಲಿಲ್ಲ. ಅವರಿಗೆ ಗೊತ್ತಾಗಿತ್ತು.

ಮೇಡಂ ನನ್ನನ್ನು ಕೇಳಿದರು. "ಮರೆತದ್ದಾ?"

ಹೂಂ ಎಂದರೆ ಆಗಿತ್ತು. ತಲೆಯಾಡಿಸಿದರೂ ಸಾಕಿತ್ತು.

"ಇಲ್ಲ. ಬೇಕಂತಲೇ ಬಿಟ್ಟೆ. ಚಿಕ್ಕಪ್ಪ ಇದಕ್ಕೆ ಒಪ್ಪಿಲ್ಲ. ಅವತ್ತು ನೀರು ಕುಡಿಯೋಕೆ ಹೋಗಿದ್ರು. ನಾನು ಎಲ್ಲರೂ ಒಪ್ಪಿದ್ರು ಅಂತ ಬರೆದೆ."

"ನೀರು ಕುಡಿಯೋಕೆ ಹೋದ್ರೆ?" ಮೇಡಂಗೆ ಅರ್ಥವಾಗಲಿಲ್ಲ. ಊರಿಗೆಲ್ಲ ಅರ್ಥವಾಯಿತು. ಆಡಬಾರದ್ದನ್ನು ಪರಸ್ಥಳದವರ ಮುಂದೆ ಆಡಿದ್ದೆ. ಯಾರೋ ಹಿಂದಿನಿಂದ "ಹಾಗಾದ್ರೆ ಬಾಯಾರಿಕೆನೇ ಆಗಬಾರದಾ?" ಎಂದರು. ಯಾರೂ ನಗಲಿಲ್ಲ. ಗಡಿಯಾರದಜ್ಜನೇ ಕೊನೆಗೆ ವಿವರಿಸಿದ. ಮೇಡಂ ಪೂರ್ತಿ ಕೇಳಿ, "ಅವತ್ತು ಎಷ್ಟು ಜನಕ್ಕೆ ಬಾಯಾರಿತ್ತು?" ಎಂದರು.

"ಎಂಟು ಜನಕ್ಕೆ" ಎಂದೆ ನಾನು. ಆರು ಜನ ಹೊರೆಯವರು, ತಂತಿ ಹಾಯಬೇಕಿದ್ದ ದಾರಿಯ ಕೆಳಗೆ ಮನೆಯಿದ್ದ ಗಂಡ ಹೆಂಡತಿ ಇಬ್ಬರು.

ಮೇಡಂ ಪೆನ್ನಿನ ಮುಚ್ಚಳ ಹಾಕಿದರು. "ಇವತ್ತು ನಾನು ಏನೂ ಬರೆಯೋ ಹಾಗಿಲ್ಲ. ಈ ನಡಾವಳಿ ಸುಳ್ಳು. ಹೀಗೇ ತಗೊಂಡು ಹೋದ್ರೆ ಮುಂದಿನ ಮೂರು ವರ್ಷ ನಿಮ್ಮೂರಿನ ಅರ್ಜಿನೇ ತಗೊಳ್ಳಲ್ಲ. ನಮ್ಮ ಸಮಿತಿ ಕೂರೋದು ಇವತ್ತಿಗೆ ಹತ್ತನೇ ದಿನ. ಒಂಬತ್ತನೇ ದಿನ ಬೆಳಿಗ್ಗೆ ಮತ್ತೆ ಬರ್ತೀನಿ. ಅವತ್ತು ನನ್ನ ಮುಂದೆ ಹೊಸದಾಗಿ ಸಭೆ ಮಾಡಿ. ಬೇಡ ಅನ್ನೋರು ಬೇಡ ಅನ್ಲಿ. ಅದೂ ಪುಸ್ತಕಕ್ಕೆ ಬರ್ಲಿ. ಒಪ್ಪಿಗೆ ಆಗಲಿಲ್ಲ ಅಂದ್ರೆ ಇಲ್ಲ."

ಹತ್ತನೆಯ ದಿನದ ಮಾರನೆಯ ದಿನವೇ ಶಾಲೆ ತೆರೆಯುವುದು.

ಅವರು ಮೆಟ್ಟಿಲಿಳಿದು ಮರೆಯಾಗುವವರೆಗೆ ಟೈಲರಕ್ಕ ಕಾದರು. "ಕೈ ಹಿಡಿದು ಕೂರಿಸಿ ಪೆನ್ನು ಕೊಟ್ಟೆ. ಅದನ್ನೇ ನನ್ನ ಕಣ್ಣಿಗೆ ಚುಚ್ಚಿದೆಯಲ್ಲೇ" ಎಂದು ಹೇಳಿ ಅಂಗಡಿಯ ಬಾಗಿಲು ಹಾಕಿಕೊಂಡರು. ನಾನು ಹೋಗುವಾಗ ದಾರಿ ಬಿಡುತ್ತಿದ್ದವರು ಬೇಕೆಂದೇ ಇನ್ನಷ್ಟು ದೂರ ಸರಿದರು.

ಮನೆಯಲ್ಲಿ ಅಮ್ಮ ಮಂಡಿಗೆ ಬಿಸಿನೀರಿನ ಬಟ್ಟೆ ಒತ್ತಿಕೊಳ್ಳುತ್ತಿದ್ದಳು. ತಂಗಿ ಎದುರಿಗೆ ಬಂದು ನಿಂತಳು.

"ಹುಟ್ಟಿದಾಗಿಂದ ಬಾಯಿ ಬಿಟ್ಟವಳಲ್ಲ ನೀನು. ಇನ್ನೊಂದು ಗಂಟೆ ಸುಮ್ಮನಿರೋಕೆ ಆಗಲಿಲ್ವಾ ಅಕ್ಕಾ?"

ನಾನು ಖಾಲಿ ಕ್ಯಾನುಗಳನ್ನು ತೊಳೆಯಲು ಕೊಟ್ಟಿಗೆಗೆ ಹೋದೆ.

ಆವತ್ತಿನಿಂದ ನಾನೇ ಎರಡು ಸಲ ಇಳಿಯತೊಡಗಿದೆ. ಮೊದಲ ಕ್ಯಾನನ್ನು ಕೆಳಗಿಟ್ಟು ಹತ್ತಿ ಬಂದು ಎರಡನೆಯದನ್ನು ಎತ್ತುವಾಗ ತೊಡೆ ನಡುಗುತ್ತಿತ್ತು. ಚಿಕ್ಕಪ್ಪ ಮನೆಯಲ್ಲೇ ಉಣ್ಣುತ್ತಿದ್ದರು, ಗೋಡೆಗೆ ಮುಖ ಮಾಡಿ. ಮೂರು ದಿನ ಹೀಗೆ ಕಳೆಯಿತು. ನಾಲ್ಕನೆಯ ದಿನ ಮೆಟ್ಟಿಲಿನ ಅರ್ಧದಲ್ಲಿ, ಹೊರೆ ಇಳಿಸಿ ಸುಧಾರಿಸಿಕೊಳ್ಳುವ ಕಲ್ಲಿನ ಮೇಲೆ ಅವರು ಕೂತಿದ್ದರು. ಪಕ್ಕದಲ್ಲಿ ಸಿಲಿಂಡರು. ನಾನು ಖಾಲಿ ಕ್ಯಾನು ಹಿಡಿದು ಹತ್ತಿ ಬರುತ್ತಿದ್ದೆ. ದಾಟಿ ಹೋಗದೆ ಅವರ ಎದುರಿಗೆ ನಿಂತೆ.

"ಚಿಕ್ಕಪ್ಪ, ಸಭೆಗೆ ಬಂದು ಬೇಡ ಅಂತ ಹೇಳ್ತೀರಾ?"

"ಹೇಳು ಅಂತೀಯೋ ಬೇಡ ಅಂತೀಯೋ?"

"ನಿಮ್ಮ ಮನಸ್ಸಲ್ಲಿ ಇದ್ದದ್ದು ಹೇಳಿ."

ಅವರು ಹಗ್ಗದ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದರು. "ಮನಸ್ಸಲ್ಲಿ ಏನಿದೆ ಅಂತ ಗೊತ್ತಿದ್ದಿದ್ರೆ ನೀರು ಕುಡಿಯೋಕೆ ಯಾಕೆ ಹೋಗ್ತಿದ್ದೆ ಮಗಳೇ? ಬೇಡ ಅಂದ್ರೆ ಆ ಚಿಕ್ಕದು ಶಾಲೆ ಬಿಡುತ್ತೆ. ಬೇಕು ಅಂದ್ರೆ ನನ್ನ ಜೊತೆ ಹೊರೋ ಐದು ಜನರ ಹೊಟ್ಟೆ ಮೇಲೆ ನಾನೇ ಹೊಡೆದ ಹಾಗೆ. ನೀನು ಚೀಟಿ ಬಿಟ್ಟದ್ದಕ್ಕೆ ಸಿಟ್ಟಿಲ್ಲ. ನಾನೇನು ಹೇಳ್ತೀನೋ ಅಂತ ನನ್ನನ್ನೇ ಒಂದು ಮಾತು ಕೇಳಲಿಲ್ಲವಲ್ಲ, ಅದಕ್ಕೆ ಸಿಟ್ಟು."

"ಈಗ ಕೇಳ್ತಿದ್ದೀನಿ."

"ಈಗ ಕೇಳ್ತಿದ್ದೀಯ, ಕೆಳಗೆ ಬಿದ್ದ ಮೇಲೆ ಹಾಲಿಗೆ ಪಾತ್ರೆ ಹಿಡಿದ ಹಾಗೆ." ಹಗ್ಗವನ್ನು ಹೆಗಲಿಗೆ ಹಾಕಿಕೊಳ್ಳುತ್ತ ಕೇಳಿದರು. "ಆ ತೊಟ್ಟಿಲಿನ ಬ್ರೇಕು ಹಿಡಿಯೋರು ಯಾರಂತೆ?"

"ಅದು ಇನ್ನೂ ತೀರ್ಮಾನ ಆಗಿಲ್ಲ."

"ಹೂಂ" ಎಂದು ಎದ್ದು, ಸಿಲಿಂಡರನ್ನು ಬೆನ್ನಿಗೇರಿಸಿದರು. ನಾನು ಹಿಂದಿನಿಂದ ತಳ ಹಿಡಿದುಕೊಂಡೆ. ಅವರು ಬೇಡ ಎನ್ನಲಿಲ್ಲ.

ಒಂಬತ್ತನೆಯ ದಿನ ಬೆಳಿಗ್ಗೆ ಉಗ್ರಾಣ ತುಂಬಿತ್ತು. ಟೈಲರಕ್ಕ ನನ್ನೊಂದಿಗೆ ಮಾತಾಡದೆಯೇ ಪೆನ್ನನ್ನು ನನ್ನ ಮುಂದೆ ಇಟ್ಟರು. ಅವರಿಗೆ ಬೇರೆ ಯಾರ ಅಕ್ಷರವೂ ಸೇರುವುದಿಲ್ಲ. ಮೇಡಂ ಹಿಂದಿನ ಬೆಂಚಿನಲ್ಲಿ ಕೂತರು. ಟೈಲರಕ್ಕ ಎದ್ದು, ಗಂಟಲು ಸರಿಮಾಡಿಕೊಂಡು, ನಮ್ಮೂರಿನ ಸಭೆಯಲ್ಲಿ ಯಾರೂ ಯಾವತ್ತೂ ಕೇಳದ ಪ್ರಶ್ನೆ ಕೇಳಿದರು.

"ಯಾರಿಗೆ ಬೇಡ?"

ಬೆಂಚು ಕಿರುಗುಟ್ಟಿತು. ಒಬ್ಬ ಅರ್ಧ ಎದ್ದ, ಎಲ್ಲರೂ ಅವನ ಕಡೆ ತಿರುಗಿದರು. "ಕಾಲು ಜೋಮು ಹಿಡಿದಿತ್ತು" ಎಂದು ಮತ್ತೆ ಕೂತ. ಜಗಲಿಯ ಕಡೆ ನೋಡುವ ಧೈರ್ಯ ಯಾರಿಗೂ ಇರಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಹೀಗೇ ಆದರೆ ಮೇಡಂ ಎದ್ದು ಹೋಗುತ್ತಾರೆ ಎಂದುಕೊಳ್ಳುತ್ತ ಪುಟದ ಮೇಲಿನ ತಾರೀಖನ್ನೇ ಮತ್ತೆ ತಿದ್ದಿದೆ.

"ನನಗೆ" ಎಂದರು ಚಿಕ್ಕಪ್ಪ.

ನಾನು ಬರೆದೆ. ಅವರು ಹೇಳಿದ್ದನ್ನು ಹೇಳಿದಂತೆಯೇ.

"ತೊಟ್ಟಿಲು ಕೆಟ್ಟದ್ದು ಅಂತಲ್ಲ. ನಾವು ಆರು ಜನ ಇದ್ದೀವಿ ಅನ್ನೋದನ್ನ ಯಾರೂ ನೆನೆಸಲಿಲ್ಲ. ಮೇಲುಗಡೆ ಬ್ರೇಕು ನಮ್ಮ ಕೈಲಿರ್ಬೇಕು, ಆರು ಜನರಿಗೂ ಸರದಿ. ಅಲ್ಲಿಂದ ಮನೆ ಬಾಗಿಲಿಗೆ ಹೊರೋದೂ ನಾವೇ. ಕೂಲಿ ಹಾಲಿನವರು ಕೊಡ್ಬೇಕು. ಅವರ ತಲೆ ಭಾರ ಅಲ್ವಾ ಇಳಿಯೋದು?"

ಹಾಲಿನವರು ಸಿಡಿದರು. "ಇಳಿಜಾರು ಇಳಿಯೋಕೂ ಕೂಲಿನಾ?" "ಬ್ರೇಕು ಹಿಡ್ಕೊಂಡು ಕೂರೋದೂ ಒಂದು ಕೆಲಸಾನಾ?" "ಹಾಗಾದ್ರೆ ನೀನೇ ಹಿಡಿ, ನಿನ್ನ ಕ್ಯಾನು ಕೆಳಗೆ ಹೋಗಿ ಪಲ್ಟಿ ಹೊಡೆದಾಗ ಗೊತ್ತಾಗುತ್ತೆ." ತಂತಿಯ ಕೆಳಗಿನ ಮನೆಯವಳು ಎದ್ದು, "ನನ್ನ ಮಕ್ಕಳ ತಲೆ ಮೇಲೆ ಕ್ಯಾನು ಬಿದ್ರೆ ಯಾರು ಹೊಣೆ?" ಎಂದಳು. ಅದಕ್ಕೆ ಎಲ್ಲರೂ ಒಟ್ಟಿಗೇ ಉತ್ತರ ಕೊಟ್ಟರು. ಒಂದೇ ಒಂದು ಉತ್ತರವೂ ಕೇಳಿಸಲಿಲ್ಲ. ಮೇಡಂ ಆ ಗದ್ದಲದ ನಡುವೆ ಎದ್ದು ಬಂದು ಮಡಕೆಗೆ ಕೈ ಹಾಕಿ ಒಂದು ಚೀಟಿ ಎತ್ತಿದರು. ಗಡಿಯಾರದಜ್ಜನದು.

"ತೀರ್ಮಾನ ಮಾಡಿದವರು ಯಾರು, ಅಜ್ಜ?"

"ಎಲ್ಲಿಯ ತೀರ್ಮಾನ ತಾಯಿ, ನೋಡ್ತಿಲ್ವಾ? ಇನ್ನೂ ಕಿತ್ತಾಡ್ತಿದ್ದೀವಿ."

ಟೈಲರಕ್ಕ ಹಣೆ ಹಿಡಿದುಕೊಂಡರು. ಮೇಡಂ ಇನ್ನೆರಡು ಚೀಟಿ ಎತ್ತದೆ ಏನನ್ನೋ ಬರೆದುಕೊಂಡರು. ಏನೆಂದು ನನಗೆ ಕಾಣಲಿಲ್ಲ.

ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಹನ್ನೊಂದು ಪುಟ ತುಂಬಿತ್ತು. ತಂತಿ ಹಾಯುವ ದಾರಿ ಆ ಮನೆಯಿಂದ ದೂರಕ್ಕೆ ಸರಿದಿತ್ತು. ಹಾಲಿನವರು ಗೊಣಗುತ್ತಲೇ ಕೂಲಿಗೆ ಒಪ್ಪಿದ್ದರು. "ಓದು" ಎಂದರು ಮೇಡಂ. ಎದ್ದು ನಿಂತೆ. ತೊಂಬತ್ತಾರು ಜನರ ಮುಂದೆ ಓದುವುದು ಎಂದರೆ ನನಗೆ ಮೈಮೇಲಿನ ಬಟ್ಟೆ ಬಿಚ್ಚಿದಂತೆ. ದನಿ ಎರಡು ಸಲ ಒಡೆಯಿತು. ಕೊನೆಯ ಪುಟದಲ್ಲಿ 'ಇದಕ್ಕೆ ಹೊರೆಯವರೂ ಒಪ್ಪಿದ್ದಾರೆ' ಎಂದು ಓದಿದೆ.

"ತಡಿ" ಎಂದರು ಚಿಕ್ಕಪ್ಪ. "ಒಪ್ಪಿದ್ದೀವಿ ಅಂತ ನಾನೆಲ್ಲಿ ಹೇಳಿದೆ? ಒಂದು ವರ್ಷ ಬ್ರೇಕು ಹಿಡಿದು ನೋಡ್ತೀವಿ ಅಂದೆ. ಸರಿ ಬರದಿದ್ರೆ ಮತ್ತೆ ಸಭೆ. ಹಾಗೇ ಬರಿ."

ಟೈಲರಕ್ಕ ನನ್ನನ್ನೇ ನೋಡುತ್ತಿದ್ದರು. ಆ ಒಂದು ಸಾಲು ಹಾಗೇ ಉಳಿದರೆ ನಮ್ಮ ಅರ್ಜಿ ಎಷ್ಟು ಗಟ್ಟಿ ಎಂದು ನನಗೂ ಗೊತ್ತಿತ್ತು. ಹೊಡೆದು ಹಾಕಿದೆ. ಅವರು ಹೇಳಿದ್ದನ್ನು ಬರೆದೆ. ಮೇಡಂ ನಿಂತಲ್ಲೇ ಆ ಪುಟವನ್ನು ಎರಡು ಸಲ ಓದಿ, ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು, ಆಗುತ್ತದೆ ಎಂದೂ ಹೇಳದೆ ಆಗುವುದಿಲ್ಲ ಎಂದೂ ಹೇಳದೆ ಇಳಿದು ಹೋದರು.

ಹತ್ತನೆಯ ದಿನ ಫೋನು ಬರಲಿಲ್ಲ. ತಂಗಿ ಸಂಜೆ ಪುಸ್ತಕಗಳಿಗೆ ರಟ್ಟು ಹಾಕಲು ಕೂತು, ಅರ್ಧಕ್ಕೆ ನಿಲ್ಲಿಸಿ, ಮತ್ತೆ ಹಾಕಿದಳು.

ಶಾಲೆ ತೆರೆಯುವ ದಿನ ಬೆಳಿಗ್ಗೆ ನಾನು ಮೊದಲ ಕ್ಯಾನು ಇಳಿಸಿ ಬಂದು ಎರಡನೆಯದಕ್ಕೆ ಮುಚ್ಚಳ ಬಿಗಿಯುತ್ತಿದ್ದೆ. ಟೈಲರಕ್ಕ ಕೊಟ್ಟಿಗೆಯ ಬಾಗಿಲಲ್ಲಿ ಬಂದು ನಿಂತರು. ತಲೆ ಬಾಚಿರಲಿಲ್ಲ. ಒಂದು ಕಾಲಿಗೆ ಮಾತ್ರ ಚಪ್ಪಲಿಯಿತ್ತು.

"ಸಮಿತಿ ರಾತ್ರಿ ತುಂಬ ಹೊತ್ತು ಕೂತಿತ್ತಂತೆ, ಈಗ ಫೋನು ಬಂತು" ಎಂದರು. ನನ್ನ ಕಡೆ ನೋಡದೆ, ಅಮ್ಮನಿಗೆ ಹೇಳಿದರು. "ಕೊಟ್ಟಿದ್ದಾರೆ. ಒಂದು ವರ್ಷ ನೋಡ್ತೀವಿ ಅಂತ ಇದೆಯಲ್ಲ, ಅದಕ್ಕೇ ಅವರೂ ಹಾಗೇ ಮಾಡಿದ್ದಾರೆ. ತಂತಿ, ರಾಟೆ, ತೊಟ್ಟಿಲಿನ ದುಡ್ಡು ಈಗ. ಉಳಿದದ್ದು ವರ್ಷ ಆದ ಮೇಲೆ, ಹೊರೆಯವರು ಒಪ್ಪಿದ್ರೆ ಮಾತ್ರ."

ಅಮ್ಮ ಹುಲ್ಲಿನ ಹೊರೆಯ ಮೇಲೆ ಕುಸಿದು ಕೂತಳು. ತಂಗಿ ಒಳಗಿನಿಂದ ಚೀಲ ಹೆಗಲಿಗೆ ಹಾಕಿಕೊಂಡು ಬಂದು, ಯಾರಾದರೂ ಮನಸ್ಸು ಬದಲಾಯಿಸಿಯಾರು ಎಂಬಂತೆ, ಸರಸರನೆ ಗುಡ್ಡದ ಆಚೆ ಮಗ್ಗುಲಿನ ದಾರಿ ಹಿಡಿದಳು. ಸುಮಾರು ದೂರ ಹೋದ ಮೇಲೆ ಓಡತೊಡಗಿದಳು.

ನನಗೆ ಸಂತೋಷವಾಗಬೇಕಿತ್ತು. ವರ್ಷದ ಕೊನೆಯಲ್ಲಿ ಆರು ಜನ ಏನೆನ್ನುತ್ತಾರೋ ಎಂದು ಆಗಲೇ ಎಣಿಸಲು ಶುರುಮಾಡಿದ್ದೆ. ಚಿಕ್ಕಪ್ಪ ತಲೆಗೆ ಬಟ್ಟೆ ಸುತ್ತಿ ಅಂಗಳಕ್ಕೆ ಬಂದರು. ನನ್ನ ಮುಖ ನೋಡಿದರು.

"ತಂತಿ ಬರೋಕೆ ಇನ್ನೂ ನಾಲ್ಕು ತಿಂಗಳು. ಆರೂವರೆ ಆಗ್ತಾ ಬಂತು. ಕ್ಯಾನು ಎತ್ತು."